ಅಪ್ಪನಿಗೆ ವೀಲ್‌ಚೇರಾ, ಸ್ಕೂಟರಾ? ಮನೆಯಲ್ಲಿ ಜಗಳ ನಡೀತಿದೆ

ಮೂರನೇಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 71 ವರ್ಷ. ಐದು ತಿಂಗಳ ಹಿಂದೆ ಸ್ಟ್ರೋಕ್ ಆಯಿತು. ಎಡಗೈ, ಎಡಗಾಲಿನಲ್ಲಿ ಶಕ್ತಿ ಕಡಿಮೆ. ಕೋಲು ಹಿಡಿದು ಹತ್ತು ಹನ್ನೆರಡು ಹೆಜ್ಜೆ ಹಾಕುತ್ತಾರೆ, ಆಮೇಲೆ ಸುಸ್ತು. ಮಾತು ಚೆನ್ನಾಗಿದೆ. ಸಿಟ್ಟು ಮೊದಲಿಗಿಂತ ಚೆನ್ನಾಗಿದೆ.

ನೆಂಟರ ಮನೆಯ ಅಟ್ಟದಲ್ಲಿದ್ದ ವೀಲ್‌ಚೇರ್ ತಂದಿದ್ದೇವೆ. ಕೂತು ಅರ್ಧ ಗಂಟೆಯಾದರೆ ಮುಂದಕ್ಕೆ ಜಾರಿಬಿಡುತ್ತಾರೆ. ಕಂಕುಳಿಗೆ ಕೈ ಹಾಕಿ ಎತ್ತಿ ಹಿಂದಕ್ಕೆ ಕೂರಿಸುತ್ತೇವೆ. ಮತ್ತೆ ಜಾರುತ್ತಾರೆ. ಅಣ್ಣ ಹೇಳುವುದು, ಈ ಗೋಳೇ ಬೇಡ, ನಡೆಯಲು ಕಷ್ಟ ಇರುವವರು ಕೂತು ಓಡಿಸುವ ಮೂರು ನಾಲ್ಕು ಚಕ್ರದ ಬ್ಯಾಟರಿ ಸ್ಕೂಟರ್ ತಂದುಬಿಡೋಣ, ಅಪ್ಪ ತಾನೇ ಓಡಾಡಲಿ ಅಂತ. ಅಮ್ಮನಿಗೆ ಭಯ. ನನಗೆ ಎರಡರ ಬಗ್ಗೆಯೂ ಏನೂ ಗೊತ್ತಿಲ್ಲ. ಬಳಸಿದವರು ಹೇಳಿ.

ಅವಸರಪ್ಪ

ಸ್ಕೂಟರ್ ತಗೊಳ್ಳಿ. ನಮ್ಮ ಚಿಕ್ಕಪ್ಪ ತಗೊಂಡರು, ಈಗ ರಾಜನ ಹಾಗೆ ತಿರುಗುತ್ತಾರೆ. ಅಲ್ಲಿವರೆಗೆ ಜಾರದ ಹಾಗೆ ಒಂದು ಬೆಲ್ಟ್ ಕಟ್ಟಿ, ಕಥೆ ಮುಗೀತು.

ಹದಿನೆಂಟುವರ್ಷಗಾಲಿ

ಕಥೆ ಮುಗಿಯುವುದಲ್ಲ, ಮನುಷ್ಯನೇ ಮುಗಿಯಬಹುದು. ಜಾರುವ ಮನುಷ್ಯನಿಗೆ ಹೊಟ್ಟೆ ಮೇಲೆ ಬೆಲ್ಟ್ ಕಟ್ಟಿದರೆ ಮೈ ಕೆಳಗೆ ಹೋಗುತ್ತೆ, ಬೆಲ್ಟ್ ಮೇಲೆ ಬರುತ್ತೆ. ಹೊಟ್ಟೆಯಿಂದ ಎದೆಗೆ, ಎದೆಯಿಂದ ಕುತ್ತಿಗೆಗೆ. ಬೆಲ್ಟ್ ಬೇಕೇ ಬೇಕು ಅಂದರೆ ಅದು ಸೊಂಟದ ಮೂಳೆಗಿಂತ ಕೆಳಗೆ, ತೊಡೆ ಮತ್ತು ಸೊಂಟ ಸೇರುವ ಕಡೆ, ಓರೆಯಾಗಿ ಹಿಂದಕ್ಕೆ ಎಳೆದ ಹಾಗೆ ಬರಬೇಕು. ಮೊದಲು ಯಾಕೆ ಜಾರುತ್ತಾರೆ ಅಂತ ನೋಡಿ. ಸೋರುವ ಮಾಡಿನ ಕೆಳಗೆ ಬಕೆಟ್ ಇಟ್ಟು ಮಾಡು ಸರಿಮಾಡಿದೆ ಅನ್ನಬೇಡಿ.

ಅಳತೆಪಟ್ಟಿ

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಕಾಯಿಲೆ, ಪೆಟ್ಟು ಆದವರು ದಿನನಿತ್ಯದ ಕೆಲಸ ಮತ್ತೆ ತಾವೇ ಮಾಡಿಕೊಳ್ಳುವ ಹಾಗೆ ಕಲಿಸುವುದು ನನ್ನ ಕೆಲಸ. ನೋಡದೆ ಹೇಳುವುದು ಕಷ್ಟ. ಆದರೂ ನೀವು ಬರೆದಿದ್ದರಲ್ಲೇ ಅರ್ಧ ಉತ್ತರ ಇದೆ. ಆ ಕುರ್ಚಿ ಇನ್ನೊಬ್ಬರ ಅಳತೆಯದ್ದು. ಪಕ್ಕದವರ ಕನ್ನಡಕ ಹಾಕಿಕೊಂಡು ತಲೆನೋವು ಅಂದ ಹಾಗಾಯಿತು.

ಸೀಟು ಹಿಂದಿನಿಂದ ಮುಂದಕ್ಕೆ ಉದ್ದ ಜಾಸ್ತಿ ಇದ್ದರೆ ಅದರ ಅಂಚು ಮಂಡಿಯ ಹಿಂಭಾಗಕ್ಕೆ ಒತ್ತುತ್ತೆ. ಮಂಡಿ ಮಡಚಬೇಕಾದರೆ ಮನುಷ್ಯ ಮುಂದಕ್ಕೆ ಜಾರಲೇಬೇಕು. ಬೇರೆ ದಾರಿ ಇಲ್ಲ. ಹಳೇ ಕುರ್ಚಿಯಲ್ಲಿ ಸೀಟಿನ ಬಟ್ಟೆ ಬೇರೆ ತೊಟ್ಟಿಲಿನ ಹಾಗೆ ಜೋತುಬಿದ್ದಿರುತ್ತೆ. ಅದರಲ್ಲಿ ಸೊಂಟ ಹಿಂದಕ್ಕೆ ಮಗುಚಿಕೊಂಡು ಬೆನ್ನು ಗೂನಾಗುತ್ತೆ, ಜಾರುವುದು ಇನ್ನೂ ಸಲೀಸು.

ಇವತ್ತೇ ಒಂದು ಕೆಲಸ ಮಾಡಿ. ಅಪ್ಪನನ್ನು ಗಟ್ಟಿ ಕುರ್ಚಿಯಲ್ಲಿ, ಬೆನ್ನು ಹಿಂದಕ್ಕೆ ತಾಗುವ ಹಾಗೆ ಕೂರಿಸಿ. ಬೆನ್ನ ಹಿಂದಿನ ಹಲಗೆಯಿಂದ ಮಂಡಿಯ ಹಿಂದಿನ ಮಡಿಕೆವರೆಗೆ ಅಳೆಯಿರಿ. ಅದರಲ್ಲಿ 5 ಸೆಂ.ಮೀ. ಕಳೆದರೆ ಸೀಟಿನ ಉದ್ದ. ಸೊಂಟದ ಅತಿ ಅಗಲವಾದ ಜಾಗ ಅಳೆದು 2–3 ಸೆಂ.ಮೀ. ಸೇರಿಸಿದರೆ ಸೀಟಿನ ಅಗಲ. ಮಂಡಿಯ ಮಡಿಕೆಯಿಂದ ಹಿಮ್ಮಡಿವರೆಗೆ ಇನ್ನೊಂದು ಅಳತೆ, ಚಪ್ಪಲಿ ಹಾಕಿಕೊಂಡೇ. ಮನೆಯ ಪ್ರತಿ ಬಾಗಿಲಿನ ತೆರೆದ ಜಾಗವನ್ನೂ ಅಳೆಯಿರಿ. ಚೌಕಟ್ಟಿನಿಂದ ಚೌಕಟ್ಟಿಗೆ ಅಲ್ಲ, ತೆರೆದ ಬಾಗಿಲಿನ ಹಲಗೆಯಿಂದ ಆಚೆ ಚೌಕಟ್ಟಿಗೆ.

ಇನ್ನೊಂದು. ಎಡಗಂಕುಳಿಗೆ ಕೈ ಹಾಕಿ ಎಳೆಯುವುದನ್ನು ಈ ಕ್ಷಣವೇ ನಿಲ್ಲಿಸಿ. ಸ್ಟ್ರೋಕ್ ಆದ ಕಡೆಯ ಭುಜವನ್ನು ಹಿಡಿದಿಡುವ ಸ್ನಾಯು ಸಡಿಲ ಆಗಿರುತ್ತೆ. ಹೀಗೆ ಎತ್ತಿದರೆ ಕೀಲು ಜಾರಿ ತಿಂಗಳುಗಟ್ಟಲೆ ನೋವು.

ಮೂರನೇಮಗಳು

ಅಯ್ಯೋ. ಮೂರು ವಾರದಿಂದ ಭುಜ ನೋವು ಅಂತಿದ್ದಾರೆ. ನಾವು ತಂಡಿ ಅಂದುಕೊಂಡಿದ್ದೆವು.

ಅಳೆದೆ. ಬೆನ್ನಿಂದ ಮಂಡಿಗೆ 45, ಸೊಂಟ 37. ಈಗಿನ ಕುರ್ಚಿಯ ಸೀಟಿನ ಉದ್ದ 46, ಅಗಲವೂ 46! ಚಕ್ರ ಸೇರಿ ಹೊರಗಿನ ಅಗಲ 66. ಬಾತ್‌ರೂಮ್ ಬಾಗಿಲು 67. ಅಪ್ಪನ ಬಲಗೈ ಗೆಣ್ಣು ಯಾಕೆ ಯಾವಾಗಲೂ ತರಚಿರುತ್ತೆ ಅಂತ ಈಗ ಗೊತ್ತಾಯಿತು.

ಅಳತೆಪಟ್ಟಿ

ನೋಡಿ, ಉದ್ದ 40, ಅಗಲವೂ ಸುಮಾರು 40 ಸಾಕು. ಚಕ್ರದ ಹೊರಗೆ ಕೈಯಲ್ಲಿ ತಳ್ಳುವ ಬಳೆ, ಅಂದರೆ ರಿಮ್ ಇರುವ ಕುರ್ಚಿ ಸಾಮಾನ್ಯವಾಗಿ ಸೀಟಿಗಿಂತ ಒಟ್ಟು 20 ಸೆಂ.ಮೀ. ಅಗಲ ಇರುತ್ತೆ. ಅಂದರೆ 60. ಆ ಬಾಗಿಲಲ್ಲಿ ನೇರವಾಗಿ ಹೋದರೆ ಗೆಣ್ಣು ಉಳಿಯುತ್ತೆ. ತಿರುಗಿಸಿಕೊಂಡು ಹೋಗಬೇಕಾದರೆ ಅದೂ ಕಷ್ಟವೇ. ಹೊಸದಾಗಿ ಮನೆ ಕಟ್ಟುವವರು ಓದುತ್ತಿದ್ದರೆ 80 ಸೆಂ.ಮೀ.ಗಿಂತ ಜಾಸ್ತಿ ಬಿಡಿ. ಕುರ್ಚಿ ಪೂರ್ತಿ ತಿರುಗಲು ಒಂದೂವರೆ ಮೀಟರ್ ಖಾಲಿ ಜಾಗ ಬೇಕು.

ಅವಸರಪ್ಪ

ಇಷ್ಟೆಲ್ಲ ಅಳೆಯುವ ಬದಲು ಸ್ಕೂಟರ್ ತಂದರೆ ಸೀಟು ಅಗಲ, ಆರಾಮ. ಮುಂದಿನ ಹ್ಯಾಂಡಲ್ ಹಿಡಿದು ಕೂತರೆ ಜಾರುವ ಮಾತೇ ಇಲ್ಲ.

ನಿವೃತ್ತಮೇಷ್ಟ್ರು

ಆರು ವರ್ಷದಿಂದ ಸ್ಕೂಟರ್ ಬಳಸುವವನು ನಾನು. ಮಂಡಿ ಸವೆದಿದೆ, ಉಳಿದದ್ದೆಲ್ಲ ಗಟ್ಟಿ. ಅದಕ್ಕೇ ನನಗೆ ಸ್ಕೂಟರ್ ಸರಿ. ಅದಕ್ಕೆ ಬೆನ್ನು ತಾನಾಗಿ ನೇರ ನಿಲ್ಲಬೇಕು. ಎರಡೂ ಕೈ ಹ್ಯಾಂಡಲ್‌ವರೆಗೆ ಚಾಚಬೇಕು. ಹತ್ತಲು ಇಳಿಯಲು ನಾಲ್ಕು ಹೆಜ್ಜೆ ಶಕ್ತಿ ಬೇಕು. ಕಣ್ಣು, ಕಿವಿ, ಬುದ್ಧಿ ಚುರುಕಾಗಿರಬೇಕು. ಕೊನೆಯದು ನನಗೆ ಇದೆಯೋ ಇಲ್ಲವೋ ಮನೆಯವರನ್ನು ಕೇಳಿ.

ಒಳಗೆ ಓಡಿಸಲು ಸ್ಕೂಟರ್ ತರಬೇಡಿ. ಅದರ ಉದ್ದವೇ ಒಂದು ಮೀಟರ್‌ಗೆ ಮೇಲೆ. ನನ್ನದು ಹೊರಬಾಗಿಲ ಹತ್ತಿರ ನಿಲ್ಲುತ್ತೆ. ಒಳಗೆ ನಾನು ವಾಕರ್ ಹಿಡಿದು ನಡೆಯುವವನು.

ಮಳೆಹನಿ

ಮೇಷ್ಟ್ರು ಹೇಳಿದ್ದು ಸರಿ. ಜೊತೆಗೆ, ಪವರ್ ವೀಲ್‌ಚೇರ್ ಅಂತ ಮೂರನೇ ಜಾತಿ ಇದೆ, ಅದನ್ನು ಯಾರೂ ಹೇಳಲೇ ಇಲ್ಲ. ಜಾಯ್‌ಸ್ಟಿಕ್ ಇರುವುದು. ಒಂದು ಕೈಬೆರಳು ಆಡಿದರೂ ಓಡಿಸಬಹುದು. ಬೆನ್ನಿಗೆ, ತಲೆಗೆ ಆಸರೆ ಹಾಕಿಸಬಹುದು. ನಿಂತ ಜಾಗದಲ್ಲೇ ತಿರುಗುವ ಮಾದರಿಯೂ ಇದೆ. ನನ್ನ ಅಮ್ಮನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಮಿದುಳು ಮತ್ತು ಬೆನ್ನುಹುರಿಯ ನರಗಳ ಕಾಯಿಲೆ. ಮೊದಲು ಸ್ಕೂಟರ್ ತಂದೆವು. ಎರಡೇ ವರ್ಷಕ್ಕೆ ಕೈ ಸೋತು ಹ್ಯಾಂಡಲ್ ಹಿಡಿಯಲು ಆಗಲಿಲ್ಲ. ಕಾಯಿಲೆ ಮುಂದೆ ಜಾಸ್ತಿ ಆಗುವಂಥದ್ದಾದರೆ ಇವತ್ತಿನ ಶಕ್ತಿ ನೋಡಿ ಕೊಳ್ಳಬಾರದು, ಅಲ್ವಾ.

ತೊಂದರೆ ಭಾರದ್ದು. ದೊಡ್ಡ ಪವರ್ ಚೇರ್ ಒಂದು ಕ್ವಿಂಟಲ್ ದಾಟುತ್ತೆ. ಎರಡು ಮೆಟ್ಟಿಲಿದ್ದರೂ ನಾಲ್ಕು ಜನ ಸೇರಿ ಎತ್ತಲು ಆಗಲ್ಲ.

ಅಳತೆಪಟ್ಟಿ

@ಮೂರನೇಮಗಳು, ಸ್ಕೂಟರ್ ಮಾತಿಗೆ ಮೊದಲು ಎರಡು ಪ್ರಶ್ನೆ. ಅಪ್ಪ ನಡೆಯುವಾಗ ಎಡಭುಜ ಬಾಗಿಲಿಗೆ ತಾಗಿಸಿಕೊಳ್ಳುತ್ತಾರಾ? ಪತ್ರಿಕೆ ಓದುವಾಗ ಸಾಲಿನ ಮೊದಲ ಪದಗಳನ್ನು ಬಿಟ್ಟುಬಿಡುತ್ತಾರಾ?

ಮೂರನೇಮಗಳು

ನಿಮಗೆ ಹೇಗೆ ಗೊತ್ತಾಯಿತು?! ದಿನಾ ಬೆಳಿಗ್ಗೆ ಪತ್ರಿಕೆಯವರಿಗೆ ಬೈಯುತ್ತಾರೆ. ಅರ್ಥವಿಲ್ಲದ ವಾಕ್ಯ ಅಚ್ಚು ಹಾಕುತ್ತಾರೆ ಅಂತ. ನಾವು ನಗುತ್ತಿದ್ದೆವು. ಎಡಭುಜದ ಹತ್ತಿರ ಗಾಯದ ಗುರುತು ಇದೆ.

ಅಳತೆಪಟ್ಟಿ

ನಗುವುದು ತಪ್ಪಲ್ಲ, ಯಾರಿಗೂ ಹೊಳೆಯಲ್ಲ. ಎಡಭಾಗಕ್ಕೆ ಶಕ್ತಿ ಹೋಗಿದೆ ಅಂದರೆ ಏಟು ಮಿದುಳಿನ ಬಲಭಾಗಕ್ಕೆ. ಅಂಥ ಕೆಲವರಲ್ಲಿ ಕಣ್ಣು ಸರಿ ಇದ್ದರೂ ಮಿದುಳು ಎಡಗಡೆಯನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಇನ್ನು ಕೆಲವರಿಗೆ ನೋಟದ ಅರ್ಧಭಾಗವೇ ಹೋಗಿರುತ್ತೆ. ಎರಡೂ ಬೇರೆ ಬೇರೆ. ಯಾವುದು ಅಂತ ಡಾಕ್ಟರ್ ಪರೀಕ್ಷೆ ಮಾಡಿ ಹೇಳಬೇಕು. ಮುಖ್ಯ ಸಂಗತಿ, ತನಗೆ ಕಾಣ್ತಿಲ್ಲ ಅನ್ನುವುದೇ ಅವರಿಗೆ ಗೊತ್ತಿರಲ್ಲ. ಈ ಸ್ಥಿತಿಯಲ್ಲಿ ರಸ್ತೆಗೆ ಸ್ಕೂಟರ್ ಕೊಟ್ಟರೆ ಎಡಗಡೆಯಿಂದ ಬರುವ ಮಗು, ನಾಯಿ, ಬೈಕು ಯಾವುದೂ ಅವರ ಲೆಕ್ಕದಲ್ಲಿಲ್ಲ. ಮುಂದೆ ಸುಧಾರಿಸಬಹುದು. ಆಗ ನೋಡೋಣ.

ಅವಸರಪ್ಪ

ಸರಿ ಸರಿ, ಸ್ಕೂಟರ್ ಬೇಡ. ನನಗೆ ಇದು ಗೊತ್ತಿರಲಿಲ್ಲ. ಆದರೆ ಒಂದೇ ಕೈ ಕೆಲಸ ಮಾಡುವವರು ವೀಲ್‌ಚೇರ್ ತಳ್ಳಿದರೆ ಗಿರಗಿಟ್ಲೆ ಹಾಗೆ ಅಲ್ಲೇ ಸುತ್ತುತ್ತಾರಲ್ಲ? ಅದಕ್ಕೇನು ಹೇಳುತ್ತೀರಿ?

ಹದಿನೆಂಟುವರ್ಷಗಾಲಿ

ಅಪರೂಪಕ್ಕೆ ಒಳ್ಳೇ ಪ್ರಶ್ನೆ ಕೇಳಿದಿರಿ. ಬಲಗೈ ಚಕ್ರಕ್ಕೆ, ಬಲಗಾಲು ನೆಲಕ್ಕೆ. ಬಲಗಡೆ ಫುಟ್‌ರೆಸ್ಟ್ ಬಿಚ್ಚಿಟ್ಟು ಹಿಮ್ಮಡಿ ಊರಿ ಎಳೆದುಕೊಂಡು ಹೋಗುವುದು. ಕೈ ವೇಗ ಕೊಡುತ್ತೆ, ಕಾಲು ದಿಕ್ಕು ಹಿಡಿಯುತ್ತೆ. ಒಂದು ವಾರ ಗೋಡೆಗೆ ಗುದ್ದುತ್ತಾರೆ, ಆಮೇಲೆ ಬರುತ್ತೆ. ಆದರೆ ಸೀಟು ತಗ್ಗಾಗಿರಬೇಕು. ಮಾಮೂಲಿ ಕುರ್ಚಿಯ ಸೀಟು ನೆಲದಿಂದ 50 ಸೆಂ.ಮೀ. ಹತ್ತಿರ ಇರುತ್ತೆ. ಇವರಿಗೆ 44ರ ಸುತ್ತಮುತ್ತ ಇರುವುದು ಸಿಗುತ್ತೆ. ಮೇಲೆ ಹಾಕುವ ಕುಶನ್ ದಪ್ಪವನ್ನೂ ಸೇರಿಸಿ ಲೆಕ್ಕ ಹಾಕಿ. ಇಲ್ಲದಿದ್ದರೆ ಕಾಲು ನೆಲಕ್ಕೆ ಎಟಕಿಸಲು ಮತ್ತೆ ಜಾರುತ್ತಾರೆ. ಎಡಗಾಲು ಮಾತ್ರ ಫುಟ್‌ರೆಸ್ಟ್ ಮೇಲೆಯೇ ಇರಲಿ. ಅದು ಕೆಳಗೆ ಬಿದ್ದು ಎಳೆದುಕೊಂಡು ಹೋದರೂ ಅವರಿಗೆ ತಿಳಿಯದೇ ಇರಬಹುದು.

ಸ್ಪ್ಯಾನರ್

ರಿಪೇರಿಯವನು. ಅಟ್ಟದಿಂದ ಇಳಿಸಿದ ಕುರ್ಚಿ ಅಂದಿರಲ್ಲ, ಅದರ ಟೈರು ಗಾಳಿ ತುಂಬುವಂಥದ್ದಾ? ಹೆಬ್ಬೆರಳಲ್ಲಿ ಒತ್ತಿ ನೋಡಿ. ಬ್ರೇಕ್ ಅನ್ನುವುದು ಸುಮ್ನೆ ಒಂದು ಕಬ್ಬಿಣದ ತುಂಡು ಟೈರನ್ನು ಒತ್ತಿ ಹಿಡಿಯುವುದು, ಅಷ್ಟೇ. ಗಾಳಿ ಕಮ್ಮಿ ಆದರೆ ಟೈರು ಒಳಗೆ ಹೋಗುತ್ತೆ, ಬ್ರೇಕ್ ಹಿಡಿಯಲ್ಲ. ಲಿವರ್ ಮಾತ್ರ ಹಾಕಿದ ಹಾಗೇ ಕಾಣುತ್ತೆ. ನನ್ನ ಹತ್ತಿರ ಬ್ರೇಕ್ ಹಾಳಾಗಿದೆ ಅಂತ ಬರುವ ಕುರ್ಚಿಗಳಲ್ಲಿ ಬಹಳಷ್ಟಕ್ಕೆ ನಾನು ಮಾಡುವುದು ಗಾಳಿ ಹೊಡೆಯುವ ಕೆಲಸ.

ಅದು ನಿಂತ ಕುರ್ಚಿಯನ್ನು ನಿಲ್ಲಿಸಿಡುವ ಬ್ರೇಕ್. ಓಡುವ ಕುರ್ಚಿಯನ್ನು ನಿಲ್ಲಿಸುವುದಕ್ಕಲ್ಲ. ಇಳಿಜಾರಿನಲ್ಲಿ ಅದನ್ನು ಎಳೆದರೆ ಕುರ್ಚಿ ನಿಲ್ಲುತ್ತೆ, ಕೂತವರು ಮುಂದಕ್ಕೆ ಹೋಗುತ್ತಾರೆ.

ಗಾಳಿಪಟ

ಹಾಗಾದರೆ ಗಾಳಿ ಇಲ್ಲದ ಗಟ್ಟಿ ಟೈರೇ ಒಳ್ಳೇದಲ್ವಾ?

ಸ್ಪ್ಯಾನರ್

ಪಂಕ್ಚರ್ ಕಾಟ ಇಲ್ಲ. ಆದರೆ ಪ್ರತಿ ಕಲ್ಲೂ ಬೆನ್ನುಮೂಳೆಗೆ ತಲುಪುತ್ತೆ. ಮನೆಯೊಳಗೆ ಮಾತ್ರ ಆದರೆ ಗಟ್ಟಿ ಟೈರು, ಹೊರಗೆ ಜಾಸ್ತಿ ಓಡಾಡುವುದಾದರೆ ಗಾಳಿಯದ್ದು. ಇದು ನನ್ನ ಅಭಿಪ್ರಾಯ, ಬೈಯುವವರು ಬೈಯಿರಿ.

ಹದಿನೆಂಟುವರ್ಷಗಾಲಿ

ಬೈಯಲ್ಲ. ಆದರೆ ಯಾರೂ ಕುಶನ್ ಬಗ್ಗೆ ಮಾತಾಡದೆ ಟೈರಿಗೆ ಹೋದಿರಲ್ಲ, ಅದಕ್ಕೆ ಬೈಯಬೇಕು.

ನನಗೆ ಬೆನ್ನುಹುರಿಗೆ ಪೆಟ್ಟಾದದ್ದು 26ನೇ ವಯಸ್ಸಿನಲ್ಲಿ. ಮೊದಲ ವರ್ಷವೇ ಒಂದು ದಿನ ಪೆನ್ನಿನ ಮುಚ್ಚಳದ ಮೇಲೆ ಕೂತೆ. ಸಂಜೆವರೆಗೆ ಗೊತ್ತಾಗಲಿಲ್ಲ, ಸ್ಪರ್ಶವೇ ಇಲ್ಲವಲ್ಲ. ರಾತ್ರಿ ಕನ್ನಡಿಯಲ್ಲಿ ನೋಡಿದರೆ ಚಿಕ್ಕ ಕೆಂಪು ಗುರುತು. ಇಷ್ಟಕ್ಕೇನು ಅಂತ ಮಾರನೇ ದಿನವೂ ಕೂತೆ. ಅದು ಒಳಗೊಳಗೇ ಕೊಳೆತು ಹುಣ್ಣಾಯಿತು. ಏಳು ವಾರ ಬೋರಲು ಮಲಗಿದ್ದೆ. ಏಳು ವಾರ! ನೆಲದ ಟೈಲ್ಸ್ ಎಣಿಸಿ ಎಣಿಸಿ ಬಾಯಿಪಾಠ ಆಗಿತ್ತು.

ಕೂತಾಗ ಮೈಭಾರ ಬೀಳುವುದು ಕುಂಡೆಯ ಎರಡು ಮೂಳೆತುದಿಗಳ ಮೇಲೆ. ಅಲ್ಲಿ ರಕ್ತ ಓಡದೆ ಹೋದರೆ ಚರ್ಮ ಸಾಯುತ್ತೆ. 15–30 ನಿಮಿಷಕ್ಕೊಮ್ಮೆ ಭಾರ ತೆಗೆಯಬೇಕು. ಕೈ ಊರಿ ಎರಡು ಸೆಕೆಂಡ್ ಎದ್ದು ಕೂತರೆ ಸಾಲದು. ರಕ್ತ ವಾಪಸ್ ಬರಲು ಸಮಯ ಬೇಕು. ನಾನು ಮೊಣಕೈ ತೊಡೆ ಮೇಲಿಟ್ಟು ಮುಂದಕ್ಕೆ ಬಾಗಿ ಎರಡು ನಿಮಿಷ ಇರುತ್ತೇನೆ, ಫೋನ್ ನೋಡುತ್ತಾ. ನಿಮ್ಮ ಅಪ್ಪನನ್ನು ಒಬ್ಬರೇ ಹಾಗೆ ಬಾಗಲು ಬಿಡಬೇಡಿ, ಮುಂದೆ ಮೇಜು ಇರಲಿ.

ಕುಶನ್ ಫೋಮಿನದ್ದು ಹಗುರ, ಆದರೆ ಬೇಗ ಚಪ್ಪಟೆಯಾಗುತ್ತೆ. ಜೆಲ್ ತಂಪು, ಭಾರ. ಗಾಳಿಯದ್ದು ಹುಣ್ಣಿಗೆ ಬಹಳ ಒಳ್ಳೇದು, ಆದರೆ ದಿನಾ ನೋಡಬೇಕು. ಕೂತ ಮೇಲೆ ಕೆಳಗೆ ಕೈ ಹಾಕಿದರೆ ಮೂಳೆಗೂ ತಳಕ್ಕೂ ನಡುವೆ ಒಂದೆರಡು ಸೆಂ.ಮೀ. ಜಾಗ ಇರಬೇಕು. ಮಧ್ಯೆ ತೂತಿರುವ ಬಳೆಯಂಥ ಕುಶನ್ ಮಾತ್ರ ತರಬೇಡಿ. ಸುತ್ತಲಿನ ರಕ್ತವನ್ನೇ ಅದು ಒತ್ತಿ ತಡೆಯುತ್ತೆ.

ಮಳೆಹನಿ

ಬಿಸಿಲಿನಲ್ಲಿ ನಿಲ್ಲಿಸಿದ ಕುರ್ಚಿಯ ಬಗ್ಗೆಯೂ ಹೇಳಿ ಅಣ್ಣ. ಅಮ್ಮನಿಗೆ ಕಾಲಲ್ಲಿ ಸ್ಪರ್ಶ ಇಲ್ಲ. ಕಾದ ಕಬ್ಬಿಣದ ಪಟ್ಟಿ ತಾಗಿ ಮೀನಖಂಡದಲ್ಲಿ ಬೊಬ್ಬೆ ಎದ್ದಿತ್ತು. ಈಗ ಕೂರುವ ಮೊದಲು ನಾನೇ ಮುಟ್ಟಿ ನೋಡುತ್ತೇನೆ.

ಹದಿನೆಂಟುವರ್ಷಗಾಲಿ

ಲ್ಯಾಪ್‌ಟಾಪ್ ಕೂಡ ತೊಡೆ ಸುಡುತ್ತೆ. ಅನುಭವ.

ಸುಮ್ನೆಓದುವವ

ಇದನ್ನು ಓದುತ್ತಾ ಕುರ್ಚಿಯಲ್ಲಿ ನಾಲ್ಕು ಸಲ ಮಗ್ಗುಲು ಬದಲಾಯಿಸಿದೆ.

ನಿವೃತ್ತಮೇಷ್ಟ್ರು

ಸ್ಕೂಟರಿನ ಎರಡು ಪಾಠ ಹೇಳಿಬಿಡುತ್ತೇನೆ, ಬೇರೆ ಯಾರಿಗಾದರೂ ಬೇಕಾಗಬಹುದು.

ಒಂದು, ಮೊದಲು ತಂದದ್ದು ಮೂರು ಚಕ್ರದ್ದು. ಇಕ್ಕಟ್ಟಿನಲ್ಲಿ ಚೆನ್ನಾಗಿ ತಿರುಗುತ್ತೆ ಅಂತ. ಒಂದು ಸಂಜೆ ವೇಗ ಇಳಿಸದೆ ತಿರುಗಿಸಿದೆ. ಒಳಗಿನ ಚಕ್ರ ಎದ್ದಿತು, ನಾನು ಬೇಲಿಯೊಳಗೆ. ಏನೂ ಮುರಿಯಲಿಲ್ಲ, ಮರ್ಯಾದೆ ಬಿಟ್ಟು. ಆಮೇಲೆ ನಾಲ್ಕು ಚಕ್ರದ್ದಕ್ಕೆ ಬದಲಾಯಿಸಿದೆ. ಅದು ತಿರುಗಲು ಜಾಗ ಜಾಸ್ತಿ ಕೇಳುತ್ತೆ, ನಿಲುವು ಗಟ್ಟಿ. ಆದರೂ ಇಳಿಜಾರನ್ನು ಅಡ್ಡಡ್ಡ ದಾಟಬಾರದು. ನೇರ ಹತ್ತಬೇಕು, ನೇರ ಇಳಿಯಬೇಕು. ವೇಗದ ಗುಂಡಿ ಹತ್ತಿರ ಒಂದು ಕಡೆ ಮೊಲ, ಇನ್ನೊಂದು ಕಡೆ ಆಮೆ ಚಿತ್ರ ಇರುತ್ತೆ. ಜನ ಇರುವ ಕಡೆ, ಲಿಫ್ಟ್‌ನಲ್ಲಿ, ಹಿಂದಕ್ಕೆ ಹೋಗುವಾಗ ಆಮೆ ಕಡೆಗೆ ತಿರುಗಿಸಿಬಿಡಿ. ಆ ಕಥೆಯಲ್ಲಿ ಗೆದ್ದದ್ದು ಯಾರು ಅಂತ ಮೇಷ್ಟ್ರು ಹೇಳಬೇಕೇ?

ಎರಡು, ಇಳಿಯುವ ಮೊದಲು ಕೀ ತೆಗೆಯಿರಿ. ಒಮ್ಮೆ ಕೀ ಹಾಗೇ ಬಿಟ್ಟು ಎದ್ದು ನಿಂತೆ. ಭುಜದ ಚೀಲದ ಪಟ್ಟಿ ಲಿವರಿಗೆ ಸಿಕ್ಕಿತು. ಗಾಡಿ ನನ್ನನ್ನು ಬಿಟ್ಟು ಹೊರಟಿತು, ಒಂದು ಹೂಕುಂಡಕ್ಕೆ ಗುದ್ದಿ ನಿಂತಿತು. ಲಿವರ್ ಬಿಟ್ಟರೆ ತಾನೇ ನಿಲ್ಲುವ ಗಾಡಿ ಅದು. ಚೀಲಕ್ಕೆ ಬಿಡಬೇಕು ಅಂತ ಗೊತ್ತಿಲ್ಲವಲ್ಲ.

ಸ್ಪ್ಯಾನರ್

ಮೇಷ್ಟ್ರೇ, ಮೂರನೆಯದನ್ನು ನಾನು ಸೇರಿಸುತ್ತೇನೆ. ಹಿಂದೆ ಮೋಟರ್ ಹತ್ತಿರ ಒಂದು ಫ್ರೀವೀಲ್ ಲಿವರ್ ಇರುತ್ತೆ, ಕೈಯಲ್ಲಿ ತಳ್ಳಿಕೊಂಡು ಹೋಗಲು. ಅದನ್ನು ಬಿಡಿಸಿದರೆ ಮೋಟರಿನ ಬ್ರೇಕೂ ಹೋಯಿತು. ಇಳಿಜಾರಿನಲ್ಲಿ ಯಾವ ಕಾರಣಕ್ಕೂ ಮುಟ್ಟಬೇಡಿ, ಮೇಲೆ ಜನ ಕೂತಿದ್ದಾಗ ಮುಟ್ಟಲೇಬೇಡಿ.

ಬ್ಯಾಟರಿ: ಸಾಮಾನ್ಯವಾಗಿ 12 ವೋಲ್ಟಿನ ಎರಡು ಸೇರಿ 24. ಲೆಡ್ ಆಸಿಡ್ ಜಾತಿಯದ್ದಾದರೆ ಓಡಿಸಿದ ದಿನವೇ ಚಾರ್ಜ್‌ಗೆ ಹಾಕಿ. ಪೂರ್ತಿ ಖಾಲಿ ಮಾಡಿ ಚಾರ್ಜ್ ಮಾಡಬೇಕು ಅನ್ನುವುದು ಹಳೇ ಮೂಢನಂಬಿಕೆ, ಲೆಡ್ ಬ್ಯಾಟರಿಗೆ ಅದೇ ವಿಷ. ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟರೂ ಸಾಯುತ್ತೆ. ಅದರ ಜೊತೆ ಬಂದ ಚಾರ್ಜರನ್ನೇ ಬಳಸಿ. ಹೊರಗೆ ಓಡುವ ದಾರಿಗೆ ಅಡ್ಡ ನಿಲ್ಲಿಸಿ ಚಾರ್ಜ್ ಮಾಡಬೇಡಿ. ಬೆಂಕಿ ಹತ್ತಿದರೆ ಆಚೆ ಬರುವ ದಾರಿ ಅದೇ ತಾನೇ.

ಕಾಗದದ ಮೇಲಿನ ಕಿಲೋಮೀಟರ್ ನಂಬಬೇಡಿ. ಅದು ಹೊಸ ಬ್ಯಾಟರಿ, ಸಪಾಟು ನೆಲ, ಹಗುರ ಸವಾರನ ಲೆಕ್ಕ. ಅರ್ಧಕ್ಕೆ ವಾಪಸ್ ತಿರುಗುವ ಅಭ್ಯಾಸ ಇಟ್ಟುಕೊಳ್ಳಿ.

ಗಾಳಿಪಟ

ವಿಮಾನದಲ್ಲಿ ಬ್ಯಾಟರಿ ಬಿಡುತ್ತಾರಾ?

ಸ್ಪ್ಯಾನರ್

ಬಿಚ್ಚಿ ತೆಗೆಯುವಂಥ ಲಿಥಿಯಂ ಆದರೆ ಒಂದಕ್ಕೆ 300 ವಾಟ್ ಅವರ್ ಮಿತಿ, ಬಿಚ್ಚಿ ಕೈಸಾಮಾನಿನಲ್ಲಿ ಇಟ್ಟುಕೊಳ್ಳಬೇಕು. ವೋಲ್ಟನ್ನು ಆಂಪ್ ಅವರ್‌ನಿಂದ ಗುಣಿಸಿ. 24 × 12 ಅಂದರೆ 288, ಬಚಾವ್. ಟಿಕೆಟ್ ಮಾಡಿಸುವಾಗಲೇ ವಿಮಾನದವರಿಗೆ ತಿಳಿಸಿ, ಕೌಂಟರಿನಲ್ಲಿ ಜಗಳ ಆಡಬೇಡಿ.

ಅಳತೆಪಟ್ಟಿ

ಕಾರಿನಲ್ಲಾದರೆ, ಆಗುವವರು ಗಾಡಿಯ ಸೀಟಿಗೇ ಬದಲಾಗುವುದು ಒಳ್ಳೇದು. ಸ್ಕೂಟರ್ ಮೇಲೆ ಕೂತೇ ವ್ಯಾನಿನಲ್ಲಿ ಪ್ರಯಾಣ ಬೇಡವೇ ಬೇಡ. ವೀಲ್‌ಚೇರಿನಲ್ಲೇ ಕೂತು ಹೋಗಲೇಬೇಕಾದರೆ ಅದು ಐಎಸ್‌ಒ 7176-19 ಅನ್ನುವ, ವಾಹನದೊಳಗೆ ಸೀಟಾಗಿ ಬಳಸುವ ಕುರ್ಚಿಗಳ ಸುರಕ್ಷತಾ ಪರೀಕ್ಷೆ ಪಾಸಾದ ಕುರ್ಚಿಯಾ ಅಂತ ಕೇಳಿ. ಮುಖ ಮುಂದಕ್ಕೆ ಇರಬೇಕು. ನಾಲ್ಕು ಕಡೆ ಪಟ್ಟಿಯಲ್ಲಿ ಕುರ್ಚಿಯನ್ನು ಬಿಗಿಯಬೇಕು, ಮನುಷ್ಯನಿಗೆ ಬೇರೆ ಸೀಟ್ ಬೆಲ್ಟ್. ಕುರ್ಚಿಗೂ ಮನುಷ್ಯನಿಗೂ ಸೇರಿಸಿ ಒಂದೇ ಹಗ್ಗ ಸುತ್ತಿದ್ದನ್ನು ನೋಡಿದ್ದೇನೆ. ಕಣ್ಣು ಮುಚ್ಚಿಕೊಂಡೆ.

ಅವಸರಪ್ಪ

ರ‍್ಯಾಂಪ್ ಬಗ್ಗೆ ಕೇಳಬೇಕಿತ್ತು. ಮನೆ ಮುಂದೆ ಎರಡು ಮೆಟ್ಟಿಲು. ಒಂದು ದಪ್ಪ ಹಲಗೆ ಹಾಸಿದರೆ ಸಾಕಲ್ವಾ?

ಮಳೆಹನಿ

ನಾವೂ ಹಾಗೇ ಮಾಡಿದ್ದು. ಒಂದೂವರೆ ಮೀಟರಿನ ಹಲಗೆ. ನಾನು ಅಮ್ಮನ ಹಳೇ ಕುರ್ಚಿಯನ್ನು ಹಿಂದಿನಿಂದ ತಳ್ಳುತ್ತಿದ್ದೆ. ಹಿಂದಿನ ಹಿಡಿಗೆ ಎರಡು ಭಾರದ ಚೀಲ ನೇತುಹಾಕಿದ್ದೆ. ಮಧ್ಯಕ್ಕೆ ಬಂದಾಗ ಮುಂದಿನ ಚಕ್ರ ಮೇಲೆದ್ದವು. ಕುರ್ಚಿ ನನ್ನ ಮೇಲೆ ವಾಲಿತು. ಎದೆಯಲ್ಲಿ ತಡೆದು ನಿಲ್ಲಿಸಿದೆ. ಪಕ್ಕದ ಮನೆಯವರು ಓಡಿ ಬರುವವರೆಗೆ ಅಮ್ಮ ಆಕಾಶ ನೋಡುತ್ತಾ, "ಚೀಲದಲ್ಲಿ ಒಡೆಯುವಂಥದ್ದು ಏನಾದರೂ ಇದೆಯಾ?" ಅಂತ ಕೇಳುತ್ತಿದ್ದರು.

ಲೆಕ್ಕ ಇದು: ಒಂದು ಅಳತೆ ಎತ್ತರಕ್ಕೆ ಹನ್ನೆರಡು ಅಳತೆ ಉದ್ದ. ಎರಡು ಮೆಟ್ಟಿಲು ಸೇರಿ 30 ಸೆಂ.ಮೀ. ಇದ್ದರೆ ರ‍್ಯಾಂಪ್ 3.6 ಮೀಟರ್. ಹೌದು, ಅಷ್ಟುದ್ದ. ಅಂಚಿಗೆ ತಡೆಪಟ್ಟಿ, ಮೇಲೆ ಜಾರದ ಹೊದಿಕೆ. ಚೀಲ ಕುರ್ಚಿಯ ಹಿಂದೆ ಬೇಡ, ಸೀಟಿನ ಕೆಳಗೆ.

ಅವಸರಪ್ಪ

3.6 ಮೀಟರ್ ಹಾಕಿದರೆ ಗೇಟು ದಾಟಿ ರಸ್ತೆಗೆ ಹೋಗುತ್ತೆ ಸ್ವಾಮಿ!

ಅಳತೆಪಟ್ಟಿ

ಎಲ್ ಆಕಾರದಲ್ಲಿ ತಿರುಗಿಸಿ. ತಿರುವಿನಲ್ಲಿ ಸಪಾಟು ಜಾಗ ಒಂದೂವರೆ ಮೀಟರ್ ಚೌಕ. ಫುಟ್‌ಪಾತಿನಂಥ ಒಂದೇ ಮೆಟ್ಟಿಲಾದರೆ ಇಳಿಸುವಾಗ ಹಿಂದುಮುಂದಾಗಿ ತಿರುಗಿಸಿ, ದೊಡ್ಡ ಚಕ್ರ ಮೊದಲು ಇಳಿಯಲಿ. ಮುಖ ಮುಂದೆ ಮಾಡಿ ಇಳಿಸಿದರೆ ಕೂತವರು ಚೆಲ್ಲಿದ ಹಾಗೆ ಬೀಳುತ್ತಾರೆ. ಕಡಿದಾದ ಇಳಿಜಾರಿಗೂ ಅದೇ.

ನಿವೃತ್ತಮೇಷ್ಟ್ರು

ವಿಷಯಾಂತರ ಮಾಡುತ್ತಿದ್ದೇನೆ, ಕ್ಷಮೆ ಇರಲಿ. ಮಡಚುವ ಕುರ್ಚಿಯ ಕೆಳಗೆ ಕತ್ತರಿಯ ಹಾಗೆ ಅಡ್ಡ ಕಂಬಿ ಇರುತ್ತಲ್ಲ, ಅದು 1933ರಲ್ಲಿ ಬಂದದ್ದು. ಹರ್ಬರ್ಟ್ ಎವರೆಸ್ಟ್ ಅನ್ನುವ ಗಣಿ ಎಂಜಿನಿಯರಿಗೆ ಗಣಿ ಅಪಘಾತದಲ್ಲಿ ಬೆನ್ನು ಮುರಿದಿತ್ತು. ಕುರ್ಚಿ ಕಾರಿನೊಳಗೆ ಹೋಗುತ್ತಿರಲಿಲ್ಲ. ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಎಂಜಿನಿಯರ್, ಇಬ್ಬರೂ ಸೇರಿ ಮಡಚುವುದನ್ನು ಮಾಡಿದರು. ಅದಕ್ಕೂ ಹಿಂದೆ 1655ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಗಡಿಯಾರ ಮಾಡುವ ಸ್ಟೀಫನ್ ಫಾರ್ಫ್ಲರ್, ತಾನೇ ನಡೆಯಲಾಗದವನು, ಕೈಯಲ್ಲಿ ತಿರುಗಿಸುವ ಮೂರು ಚಕ್ರದ ಗಾಡಿ ಮಾಡಿಕೊಂಡ. ನನ್ನ ಸ್ಕೂಟರಿನ ಮುತ್ತಾತ 1968ರದ್ದು. ಅಮೆರಿಕದ ಮಿಚಿಗನ್‌ನ ಆಲನ್ ಥೀಮ್ ತಮ್ಮ ಮನೆಯವರೊಬ್ಬರಿಗಾಗಿ ಮಾಡಿದ್ದು. ಅವರಿಗೂ ಮಳೆಹನಿಯವರ ತಾಯಿಗಿರುವ ಕಾಯಿಲೆಯೇ.

ಹದಿನೆಂಟುವರ್ಷಗಾಲಿ

ಮೇಷ್ಟ್ರೇ, ವಿಷಯಾಂತರ ಅಲ್ಲವೇ ಅಲ್ಲ. ನೋಡಿ, ಕೂರುವವನ ಅಗತ್ಯದಿಂದ ಹುಟ್ಟಿದ್ದು ಅವೆಲ್ಲ. ಇಲ್ಲಿ ಇಷ್ಟುದ್ದ ಮಾತಾಡಿದ್ದೇವೆ. ಅಪ್ಪ ಜಾರುತ್ತಾರೆ, ಅಣ್ಣ ಹೇಳುತ್ತಾನೆ, ಅಮ್ಮ ಹೆದರುತ್ತಾರೆ. ಅಪ್ಪ ಏನಂತಾರೆ? ಮಾತು ಚೆನ್ನಾಗಿದೆ ಅಂದಿರಲ್ಲ!

ಇದು ನನಗೆ ದಿನಾ ಆಗುವುದು. ಕೌಂಟರಿನವರು ನನ್ನನ್ನು ಬಿಟ್ಟು ಜೊತೆಗಿದ್ದವರನ್ನು "ಇವರಿಗೆ ಏನು ಬೇಕಂತೆ?" ಅಂತ ಕೇಳುತ್ತಾರೆ. ಇನ್ನು ಕೆಲವರು ಕೇಳದೆ ಹಿಂದಿನಿಂದ ತಳ್ಳಿಬಿಡುತ್ತಾರೆ. ನನ್ನ ಕೈ ರಿಮ್ ಮೇಲಿರುತ್ತೆ, ಬೆರಳು ಸಿಕ್ಕಿದರೆ? ನಿಮ್ಮನ್ನು ಯಾರಾದರೂ ಸೊಂಟ ಹಿಡಿದು ರಸ್ತೆ ದಾಟಿಸಿದರೆ ಹೇಗಿರುತ್ತೆ?

ಅವಸರಪ್ಪ

ಸಹಾಯ ಮಾಡಿದರೂ ತಪ್ಪಾ? ಹಾಗಾದರೆ ಯಾರೂ ಹತ್ತಿರ ಬರಲ್ಲ.

ಹದಿನೆಂಟುವರ್ಷಗಾಲಿ

"ತಳ್ಳಲಾ?" ಎರಡಕ್ಷರ ಜಾಸ್ತಿ ಖರ್ಚಾಗುತ್ತೆ ಅಷ್ಟೇ.

ಸುಮ್ನೆಓದುವವ

ಮೂರಕ್ಷರ ಸಾರ್. ಎಣಿಸಿದೆ.

ಮೂರನೇಮಗಳು

ಓದಿ ನಾಚಿಕೆ ಆಯಿತು. ನಿಜವಾಗಲೂ ಕೇಳಿರಲಿಲ್ಲ. ನಿನ್ನೆ ರಾತ್ರಿ ಕೇಳಿದೆ. ಅಣ್ಣನೂ ಇದ್ದ. ಹೊರಗೆ ಸುತ್ತಾಡಬೇಕು ಅಂತಾರೆ ಅಂದುಕೊಂಡಿದ್ದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾತ್‌ರೂಮಿನ ಬಾಗಿಲು ಹಾಕಿಕೊಳ್ಳಬೇಕು" ಅಂದರು.

ಬಾಗಿಲು ಒಳಗೆ ತೆರೆಯುತ್ತೆ. ಕುರ್ಚಿ ಒಳಗೆ ಹೋದ ಮೇಲೆ ಮುಚ್ಚಲು ಆಗಲ್ಲ. ಐದು ತಿಂಗಳಿಂದ ನಾವು ಯಾರಾದರೊಬ್ಬರು ಹೊರಗೆ ಮುಖ ತಿರುಗಿಸಿ ನಿಂತಿರುತ್ತೇವೆ. ಅದು ಅವರಿಗೆ ಹೇಗಿರುತ್ತೆ ಅಂತ ಒಬ್ಬರಿಗೂ ಹೊಳೆದಿರಲಿಲ್ಲ.

ಅಳತೆಪಟ್ಟಿ

ಬಾಗಿಲು ಹೊರಕ್ಕೆ ತೆರೆಯುವ ಹಾಗೆ ಬದಲಾಯಿಸಿ, ಬಡಗಿಗೆ ಅರ್ಧ ದಿನದ ಕೆಲಸ. ಸುರಕ್ಷತೆಗೂ ಅದೇ ಒಳ್ಳೇದು. ಒಳಗೆ ಬಿದ್ದವರ ಮೈ ಬಾಗಿಲಿಗೆ ಅಡ್ಡ ಬಂದರೂ ತೆರೆಯಬಹುದು. ಚಿಲಕ ಹೊರಗಿನಿಂದಲೂ ಬಿಡಿಸುವಂಥದ್ದು ಇರಲಿ. ಕಮೋಡ್ ಹತ್ತಿರ ಬಲಗೈಗೆ ಸಿಗುವ ಹಾಗೆ ಗೋಡೆಗೆ ಗಟ್ಟಿ ಹಿಡಿ ಹಾಕಿಸಿ. ಟವೆಲ್ ಕಂಬಿ ಅಲ್ಲ, ಅದು ಕಿತ್ತು ಬರುತ್ತೆ.

ಕುರ್ಚಿಯನ್ನು ಅವರ ಬಲಗಡೆಗೆ ಕಮೋಡ್ ಬರುವ ಹಾಗೆ ಓರೆಯಾಗಿ ನಿಲ್ಲಿಸಿ. ಎರಡೂ ಬ್ರೇಕ್ ಹಾಕಿ. ಫುಟ್‌ರೆಸ್ಟ್ ಪಕ್ಕಕ್ಕೆ ಸರಿಸಿ, ಅದರ ಮೇಲೆ ಕಾಲಿಟ್ಟು ಯಾರೂ ನಿಲ್ಲಬಾರದು, ಕುರ್ಚಿ ಮುಂದಕ್ಕೆ ಮಗುಚುತ್ತೆ. ಎಡಗಡೆಯ ಬ್ರೇಕ್ ಅವರು ಮರೆಯುವ ಸಾಧ್ಯತೆ ಜಾಸ್ತಿ. ಆ ಲಿವರಿಗೆ ಉದ್ದ ಪೈಪ್ ಸಿಕ್ಕಿಸಿ, ತುದಿಗೆ ಕೆಂಪು ಟೇಪ್ ಸುತ್ತಿ. ಬಲಗೈಯಿಂದ ಎಟಕುತ್ತೆ, ಕಣ್ಣಿಗೂ ಬೀಳುತ್ತೆ. ಮೊದಮೊದಲು ಫಿಸಿಯೋ ಮುಂದೆ ಅಭ್ಯಾಸ ಮಾಡಿಸಿ, ಒಬ್ಬರೇ ಬಿಡಬೇಡಿ.

ಮೂರನೇಮಗಳು

ಒಂದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ತಗ್ಗು ಸೀಟಿನ 40ರ ಕುರ್ಚಿ ಮೊದಲು ಎರಡು ವಾರ ಬಾಡಿಗೆಗೆ ತಂದು ನೋಡಿದೆವು, ಆಮೇಲೆ ಕೊಂಡೆವು. ಜಾರುವುದು ನಿಂತಿದೆ. ಭುಜಕ್ಕೆ ಚಿಕಿತ್ಸೆ ನಡೀತಿದೆ. ಎಡಗಡೆ ಗಮನ ಇಲ್ಲದ್ದು ನಿಜ ಅಂತ ಡಾಕ್ಟರ್ ಹೇಳಿದರು. ಓದುವಾಗ ಪುಟದ ಎಡ ಅಂಚಿಗೆ ಕೆಂಪು ಪಟ್ಟಿ ಇಟ್ಟು ಅಲ್ಲಿಂದ ಶುರು ಮಾಡಲು ಕಲಿಸಿದ್ದಾರೆ. ಪತ್ರಿಕೆಯವರಿಗೆ ಬೈಯುವುದು ಕಡಿಮೆಯಾಗಿಲ್ಲ, ಈಗ ಪೂರ್ತಿ ಓದಿ ಬೈಯುತ್ತಾರೆ. ಸ್ಕೂಟರ್ ಮಾತು ಆರು ತಿಂಗಳು ಬಿಟ್ಟು ಅಂತ ಅಣ್ಣ ಒಪ್ಪಿದ್ದಾನೆ.

ಬಾಗಿಲು ತಿರುಗಿಸಿ ಹಾಕಿದೆವು. ಮೊದಲ ದಿನ ನಲವತ್ತು ನಿಮಿಷ ಒಳಗಿದ್ದರು. ಅಮ್ಮ ಮೂರು ಸಲ ಕೂಗಿದರು. "ಇದ್ದೀನಿ ಮಾರಾಯ್ತಿ" ಅಂದರು.

ಒಂದು ಪ್ರಶ್ನೆ. ಮುಂದಿನ ಚಿಕ್ಕ ಚಕ್ರ ಕೀಚ್ ಕೀಚ್ ಅನ್ನುತ್ತೆ. ಹೊಸದು, ಒಂದು ತಿಂಗಳೂ ಆಗಿಲ್ಲ. ಎಣ್ಣೆ ಬಿಡಲಾ?

ಸ್ಪ್ಯಾನರ್

ಎಣ್ಣೆ ಬೇಡ, ಧೂಳು ಹಿಡಿಯುತ್ತೆ. ಕುರ್ಚಿಯನ್ನು ಮಲಗಿಸಿ ಆ ಚಕ್ರದ ಅಚ್ಚಿನ ಹತ್ತಿರ ನೋಡಿ. ಕೂದಲು ಸುತ್ತಿರುತ್ತೆ. ಚಿಮುಟದಲ್ಲಿ ಎಳೆಯಿರಿ.

ಮೂರನೇಮಗಳು

ಒಂದು ಮೊಳ ಸಿಕ್ಕಿತು. ಅಮ್ಮ ತನ್ನದಲ್ಲ ಅಂತಿದ್ದಾರೆ. ಸದ್ದು ನಿಂತಿದೆ.